ಅಲ್ಲ ಸರ್

ಪೈಲಟ್ ಕೆಲಸದ ಸಂದರ್ಶನಕ್ಕೆ ಹೋಗುವವರೆಲ್ಲ ಒಂದು ಪ್ರಶ್ನೆಗೆ ತಯಾರಾಗಿಯೇ ಹೋಗುತ್ತಾರೆ: "ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದರೆ ನೀವು ಏನು ಮಾಡುತ್ತೀರಿ?" ಉತ್ತರವೂ ಎಲ್ಲರಿಗೂ ಗೊತ್ತು. ಮೊದಲು ಗಮನಕ್ಕೆ ತರುತ್ತೇನೆ. ಕೇಳದಿದ್ದರೆ ಸ್ಪಷ್ಟವಾಗಿ ಎಚ್ಚರಿಸುತ್ತೇನೆ. ಆಗಲೂ ಕೇಳದೆ ಅಪಾಯ ಹತ್ತಿರವಾದರೆ 'ಐ ಹ್ಯಾವ್ ಕಂಟ್ರೋಲ್ಸ್' ಎಂದು ವಿಮಾನವನ್ನು ನನ್ನ ಕೈಗೆ ತೆಗೆದುಕೊಳ್ಳುತ್ತೇನೆ. ಕೋಚಿಂಗ್ ಕೊಡುವವರು ಇದನ್ನು ಬಾಯಿಪಾಠ ಮಾಡಿಸುತ್ತಾರೆ. ಪುತ್ತೂರಿನ ಕಡೆಯಿಂದ ಬಂದು ದ್ವಾರಕಾದ ನಮ್ಮ ಮನೆಯಲ್ಲಿ ಉಳಿದಿದ್ದ ಅಕ್ಕನ ಮಗ ಗುರುಗ್ರಾಮದ ಸಂದರ್ಶನಕ್ಕೆ ತಯಾರಾಗುವಾಗ, ಊಟದ ಮೇಜಿನ ಆಚೆ ಕೂತು ಪ್ರಶ್ನೆ ಕೇಳುವ ಪಾತ್ರ ನನ್ನದಾಗಿತ್ತು. ಹತ್ತು ಹನ್ನೆರಡು ಸಲ ಕೇಳಿರಬೇಕು. ಪ್ರತಿಸಲವೂ ಅವನು ತಡವರಿಸದೆ ಉತ್ತರಿಸಿದ. ನನಗೆ ಕಸಿವಿಸಿ ಶುರುವಾದದ್ದು ಆ ತಡವರಿಸದ ಉತ್ತರದಿಂದಲೇ.

ಸಂದರ್ಶನ ಎಂಬುದೇ ಎದುರಿಗೆ ಕೂತವರನ್ನು ಮೆಚ್ಚಿಸುವ ಕೆಲಸ. ಶೂ ಪಾಲಿಶ್, ಟೈ ಗಂಟು, ನಗುವಿನ ಅಳತೆ ಎಲ್ಲ ಅದಕ್ಕೇ. ಅಂಥ ಕಡೆ 'ಮೇಲಿನವರನ್ನು ಮೆಚ್ಚಿಸಲು ನಾನು ಸುಮ್ಮನಿರುವುದಿಲ್ಲ' ಎಂದು ಹೇಳಿ ಮೇಲಿನವರನ್ನು ಮೆಚ್ಚಿಸಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು "ಗಂಡನಿಗೆ ಎದುರು ಮಾತಾಡ್ತೀಯಾ?" ಎಂದು ಕೇಳಿ, "ಆಡ್ತೇನೆ" ಎಂಬ ಉತ್ತರಕ್ಕೆ ತಲೆದೂಗಿ, ಅದನ್ನೂ ವಿನಯದಿಂದ ಹೇಳಿದಳೋ ಇಲ್ಲವೋ ಎಂದು ಗಮನಿಸಿದ ಹಾಗೆ. ಹೀಗೆ ಕಲಿತು ಒಪ್ಪಿಸಿದ ಧೈರ್ಯ ಧೈರ್ಯವೇ? ಇಷ್ಟು ಬೇಕಾಗಿ ಹೇಳಿದ ಸತ್ಯ ಸತ್ಯವೇ?

ಬೇಕಾಗಿ ಎಂದರೆ ಎಷ್ಟು ಬೇಕಾಗಿ ಎಂಬುದನ್ನೂ ಹೇಳಬೇಕು. ಕಮರ್ಶಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು. ಹವಾಮಾನ, ನ್ಯಾವಿಗೇಶನ್, ನಿಯಮಾವಳಿ ಎಂದು ಡಿಜಿಸಿಎ ಪರೀಕ್ಷೆಗಳು, ರೇಡಿಯೋ ಪರೀಕ್ಷೆ, ಕ್ಲಾಸ್ 1 ಮೆಡಿಕಲ್. ಅಷ್ಟಾದ ಮೇಲೆ ಒಂದು ಜಾತಿಯ ವಿಮಾನಕ್ಕೆ ಟೈಪ್ ರೇಟಿಂಗ್. ಭಾವ ಅಡಿಕೆ ತೋಟವನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದಾರೆ. ಐವತ್ತು ಲಕ್ಷ ದಾಟಿದ ಸಾಲ ಹೆಗಲ ಮೇಲಿರುವ ಇಪ್ಪತ್ನಾಲ್ಕರ ಹುಡುಗ ನಾಳೆ ಕಾಕ್‌ಪಿಟ್‌ನ ಬಲಗಡೆ ಸೀಟಿನಲ್ಲಿ ಕೂತಾಗ, ಎಡಗಡೆ ಕೂತವರಿಗೆ 'ನೀವು ಮಾಡುತ್ತಿರುವುದು ತಪ್ಪು' ಎನ್ನಬೇಕು. ಆ ಬಾಯಿಯ ಮೇಲೆ ಬ್ಯಾಂಕಿನ ಕೈಯೂ ಇರುತ್ತದೆ. ಸಂದರ್ಶಕರ ಪ್ರಶ್ನೆಪಟ್ಟಿಯಲ್ಲಿ ಸಾಲದ ವಿಷಯ ಇರಲಿಲ್ಲವಂತೆ.

ನಮ್ಮ ಭಾಷೆಯೂ ಅವನಿಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಹಿರಿಯರ ಮಾತನ್ನು ಒಪ್ಪದಿರುವುದಕ್ಕೆ ಮನೆಗಳಲ್ಲಿ ಬಳಕೆಯಲ್ಲಿರುವ ಪದ 'ಎದುರುತ್ತರ'. ಅದು ಬೈಗುಳ. ಒಂದು ರಾತ್ರಿ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ, ಕ್ಯಾಪ್ಟನ್ನಿನ ಗತ್ತಿನಲ್ಲಿ, "ಏನು, ನನಗೇ ಹೇಳಿಕೊಡ್ಲಿಕ್ಕೆ ಬಂದದ್ದಾ ನೀನು?" ಎಂದೆ. ನಿರರ್ಗಳ ಹುಡುಗ ತೊದಲಿದ. "ಹಾಗಲ್ಲ... ಒಮ್ಮೆ ನೋಡಿದ್ರೆ ಒಳ್ಳೇದಿತ್ತೇನೋ..." ಅಂದ. ಆ 'ಏನೋ' ನಮ್ಮಲ್ಲಿ ದೊಡ್ಡ ಸೌಜನ್ಯ. ಹೇಳಿಯೂ ಹೇಳದ ಹಾಗೆ, ಹೇಳಿದ್ದನ್ನು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ. ಮದುವೆ ಮನೆಯಲ್ಲಿ ಅದರಿಂದ ಎಷ್ಟೋ ಜಗಳ ತಪ್ಪಿದೆ. ವಿಮಾನ ನೆಲಕ್ಕೆ ಹತ್ತಿರವಾಗುತ್ತಿರುವಾಗ ಅದಕ್ಕೆ ಸಮಯವಿರುವುದಿಲ್ಲ.

ಇದು ನಮ್ಮವರ ಸಂಕೋಚ ಮಾತ್ರ ಎಂದುಕೊಳ್ಳಬೇಕಾಗಿಲ್ಲ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಯಾಕೋಬ್ ವಾನ್ ಜಾಂಟೆನ್ ಆ ಸಂಸ್ಥೆಯ ಹಿರಿಯ ತರಬೇತುದಾರ; ಜಾಹೀರಾತಿನಲ್ಲಿ ಬರುತ್ತಿದ್ದ ಮುಖ. ಪಕ್ಕದಲ್ಲಿದ್ದ ಸಹ ಪೈಲಟ್‌ನನ್ನು ಸುಮಾರು ಎರಡು ತಿಂಗಳ ಹಿಂದೆ ಪರೀಕ್ಷಿಸಿ ಆ ಜಾತಿಯ ವಿಮಾನಕ್ಕೆ ಪಾಸು ಮಾಡಿದವರೂ ಅವರೇ. ಅಂದರೆ ಸಂದರ್ಶನ ಮಾಡಿದವರೇ ಪಕ್ಕದ ಸೀಟಿನಲ್ಲಿ. ಕ್ಯಾಪ್ಟನ್ ಮೊದಲ ಸಲ ಎಂಜಿನ್ ಏರಿಸಿದಾಗ ಸಹ ಪೈಲಟ್ ತಡೆದ: ನಮಗಿನ್ನೂ ಅನುಮತಿ ಸಿಕ್ಕಿಲ್ಲ. ಗೊತ್ತು, ಕೇಳು ಎಂದರು ಅವರು. ಅವನು ಕೇಳಿದ. ಹಾರಿದ ಮೇಲೆ ಹೋಗಬೇಕಾದ ದಾರಿಯ ವಿವರ ಬಂತು. ಹಾರುವ ಅನುಮತಿ ಬಂದಿರಲಿಲ್ಲ. ಅವನು ಅದನ್ನು ಓದಿ ಒಪ್ಪಿಸುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟರು. ಈ ಸಲ ಅವನು ತಡೆಯಲಿಲ್ಲ. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ರನ್‌ವೇಯಿಂದ ಸರಿದಿಲ್ಲವೇ ಎಂದು ಕೇಳಿದ. ಸರಿದಿದೆ ಎಂದು ಗಟ್ಟಿಯಾಗಿ ಉತ್ತರ ಬಂತು. ಆತ ಸುಮ್ಮನಾದ. ಮುಂದಿನದು ಕೆಲವೇ ಕ್ಷಣಗಳ ಮಾತು.

ಇದರಲ್ಲಿ ನನ್ನನ್ನು ಕಾಡುವುದು ಆ ಸಹ ಪೈಲಟ್‌ನ ಮೊದಲ ಮಾತು. ಅವನು ಪುಕ್ಕಲನಾಗಿರಲಿಲ್ಲ, ಒಂದು ಸಲ ತಿದ್ದಿದ್ದ. ದೊಡ್ಡವರನ್ನು ಒಂದು ಸಲ ತಿದ್ದಿದವನಿಗೆ ಅದೇ ನಿಮಿಷದಲ್ಲಿ ಇನ್ನೊಂದು ಸಲ ತಿದ್ದುವುದು ಎಷ್ಟು ಭಾರ ಎಂಬುದು ಆಫೀಸಿನಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತು. ಧೈರ್ಯ ಎನ್ನುವುದು ಕೆಲವೊಮ್ಮೆ ಪರ್ಸಿನಲ್ಲಿರುವ ದುಡ್ಡಿನ ಹಾಗೆ, ಒಮ್ಮೆ ಖರ್ಚಾದರೆ ಮತ್ತೆ ತುಂಬಿಕೊಳ್ಳಲು ಹೊತ್ತು ಬೇಕು.

ಹಾಗಾಗಿಯೇ ವಿಮಾನಯಾನ ಈ ಮಾತನ್ನು ವ್ಯಕ್ತಿಯ ಧೈರ್ಯಕ್ಕೆ ಬಿಟ್ಟುಕೊಡಲಿಲ್ಲ. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದಿಂದ ಬೆಳೆದುಬಂದ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿಯ ಒಂದು ತಿರುಳು ಇದು: ಎದುರು ಮಾತನ್ನು ಮೊದಲೇ ಕಲಿಸಿಡು, ಹೊತ್ತು ಬಂದಾಗ ವಾಕ್ಯ ಹುಡುಕುವ ಕಷ್ಟ ಬೇಡ. 'ಗೋ ಅರೌಂಡ್' ಎಂಬುದು ಅಂಥ ಸಿದ್ಧ ಮಾತು. ಇಳಿಯಬೇಡ, ಮೇಲೇರು, ಸುತ್ತಿ ಬಾ. ಅದಕ್ಕೆ 'ಏನೋ' ಸೇರಿಸಲು ಬರುವುದಿಲ್ಲ, 'ದಯವಿಟ್ಟು' ಕೂಡ. ಇದು ಅರ್ಥವಾದ ಮೇಲೆ ನನ್ನ ಕಸಿವಿಸಿ ಅರ್ಧ ಕಡಿಮೆಯಾಯಿತು. ಬಾಯಿಪಾಠ ಮಾಡಿದ್ದೆಲ್ಲ ಸುಳ್ಳು ಎಂಬ ನಮ್ಮ ಗುಮಾನಿ, ಮಾತು ಹೃದಯದಿಂದ ಆಗಷ್ಟೇ ಉಕ್ಕಬೇಕು ಎಂಬ ಕವಿಗಳ ಗುಮಾನಿ. ಭಯ ಮೊದಲು ಕಿತ್ತುಕೊಳ್ಳುವುದು ಹಾಗೆ ಉಕ್ಕುವ ಮಾತನ್ನೇ. ಕಲಿತದ್ದು ಉಳಿದರೂ ಉಳಿದೀತು. ಧೈರ್ಯದ ಕೆಲಸ ಮಾಡಿ ಮಾಡಿಯೇ ಧೈರ್ಯವಂತರಾಗುತ್ತೇವೆ ಎಂದು ಅರಿಸ್ಟಾಟಲ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನನ್ನ ಊಟದ ಮೇಜು ಅಂಥ ಕೆಲಸದ ಜಾಗವಲ್ಲ ನಿಜ. (ಆದರೆ 'ನಿಮ್ಮ ದೌರ್ಬಲ್ಯ ಏನು' ಎಂಬ ಪ್ರಶ್ನೆಗೆ 'ನಾನು ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ' ಎಂದು ಕಲಿಸುತ್ತಾರಲ್ಲ, ಅದಕ್ಕೆ ಈ ವಿನಾಯಿತಿ ಇಲ್ಲ. ಅದು ಬರಿಯ ಸುಳ್ಳು.)

ಉಳಿದ ಅರ್ಧ ಕಸಿವಿಸಿ ನಮ್ಮ ಊರಿನದ್ದು. 2010ರ ಮೇ 22ರ ಬೆಳಗ್ಗೆ ಕರಾವಳಿಯವರು ಯಾರೂ ಮರೆಯುವಂಥದ್ದಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಕ್ಯಾಪ್ಟನ್ ಪ್ರಯಾಣದಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ವಿಮಾನ ತೀರಾ ಎತ್ತರದಿಂದ ಇಳಿಯಲು ಬಂತು ಎಂದು ತನಿಖಾ ವರದಿ ಹೇಳಿತು. ಸಹ ಪೈಲಟ್ ಸುಮ್ಮನಿರಲಿಲ್ಲ. 'ಗೋ ಅರೌಂಡ್' ಎಂದು ಮೂರು ಸಲ ಹೇಳಿದ್ದರು. ಯಂತ್ರವೂ ಎಚ್ಚರಿಸುತ್ತಿತ್ತು. ಕಲಿತ ಮಾತು ನಾಲಿಗೆಗೆ ಬಂದಿತ್ತು, ಸರಿಯಾದ ಹೊತ್ತಿಗೇ. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು.

ಹಾಗಾದರೆ ಸಂದರ್ಶನದಲ್ಲಿ ಆ ಪ್ರಶ್ನೆಯನ್ನು ಕೇಳುವುದು ತಪ್ಪು ಮನುಷ್ಯನಿಗಲ್ಲವೇ? ಕಿರಿಯ ಹೇಳಬೇಕು ಎಂಬುದು ಅರ್ಧ ನೀತಿ; ಹಿರಿಯ ಕೇಳಬೇಕು ಎಂಬುದು ಇನ್ನರ್ಧ. ಕ್ಯಾಪ್ಟನ್‌ಗಳಿಗೂ ಈ ತರಬೇತಿ ಉಂಟು ಎಂದು ಅಕ್ಕನ ಮಗ ನನ್ನನ್ನು ತಿದ್ದಿದ. ಇರಲಿ. ಆದರೆ ಬಾಗಿಲಲ್ಲಿ ನಿಂತು ಕೆಲಸ ಬೇಡುವವನ ಧೈರ್ಯವನ್ನು ಅಳೆಯುವುದು ಸುಲಭ. ಒಳಗೆ ಕೂತವರ ಕಿವಿಯನ್ನು ಅಳೆಯಲು ಯಾರೂ ಊಟದ ಮೇಜಿನ ಮುಂದೆ ಅಭ್ಯಾಸ ಮಾಡುವುದಿಲ್ಲ.

ಸಂದರ್ಶನ ಮುಗಿಸಿ ಬಂದವನು ಚೆನ್ನಾಗಿ ಆಯಿತು ಅಂದ. ಕ್ಯಾಪ್ಟನ್ ಪ್ರಶ್ನೆ ಬಂತಂತೆ, ಮೂವರೂ ತಲೆದೂಗಿದರಂತೆ. ಎರಡು ವಾರದಲ್ಲಿ ತಿಳಿಸುತ್ತೇವೆ ಎಂದಿದ್ದರು. ಎರಡು ಮೂರಾಯಿತು, ಐದಾಯಿತು. ದ್ವಾರಕಾದ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಲೇ ಇರುತ್ತವೆ. ಅವನು ತಲೆ ಎತ್ತದೆ, ಸದ್ದಿನಲ್ಲೇ ಯಾವುದೆಂದು ಹೇಳುತ್ತಿದ್ದ. ಸ್ಪ್ಯಾಮ್ ಫೋಲ್ಡರ್ ದಿನಕ್ಕೆ ಎಷ್ಟು ಸಲ ತೆರೆದನೋ. ಫಲಾಪೇಕ್ಷೆ ಇಟ್ಟುಕೊಳ್ಳಬಾರದು ಎಂದು ಫೋನಿನಲ್ಲಿ ಉಪದೇಶ ಮಾಡಿದ ನೆಂಟರು ಬ್ಯಾಂಕಿಗೂ ಒಮ್ಮೆ ಫೋನು ಮಾಡಿದ್ದರೆ ಚೆನ್ನಾಗಿತ್ತು. ಕಾಯುವುದೂ ಬಿಟ್ಟಿಯಲ್ಲ. ಮೆಡಿಕಲ್ ವರ್ಷಕ್ಕೊಮ್ಮೆ ನವೀಕರಿಸಬೇಕು, ಹಾರದ ಕೈ ಮರೆಯುತ್ತದೆ.

"ಒಂದು ಇಮೇಲ್ ಮಾಡಿ ಕೇಳು," ಅಂದೆ.

"ಬೇಡ ಚಿಕ್ಕಮ್ಮ. ಕೇಳಿದ್ರೆ ಅವ್ರಿಗೆ ಬೇಜಾರಾದ್ರೆ?"

ಇಲ್ಲಿ ಅವನನ್ನು ಹಂಗಿಸಬಹುದಿತ್ತು. ಕ್ಯಾಪ್ಟನ್ನಿನ ಕೈಯಿಂದ ವಿಮಾನ ಕಿತ್ತುಕೊಳ್ಳುತ್ತೇನೆ ಎಂದವನಿಗೆ ಎರಡು ಸಾಲು ಬರೆಯಲು ಹೆದರಿಕೆ! ನಮ್ಮೆಜಮಾನರು ಅದು ಬೇರೆ ಇದು ಬೇರೆ ಎಂದರು. ಅಲ್ಲಿ ಜೀವದ ಪ್ರಶ್ನೆ, ಇಲ್ಲಿ ಬರೀ ಮರ್ಯಾದೆಯದ್ದು. ನನಗೆ ಅಷ್ಟು ಬೇರೆ ಅನ್ನಿಸುವುದಿಲ್ಲ. ಕೇಳಿದರೆ ಕೆಡುತ್ತದೆ ಎಂಬುದನ್ನು ಆ ಹುಡುಗ ಎಲ್ಲಿಂದ ಕಲಿತ? ತಿಳಿಸುತ್ತೇವೆ ಎಂದು ತಿಳಿಸದಿರುವವರಿಂದ. ಪ್ರಶ್ನೆಪಟ್ಟಿಯಲ್ಲಿ ಮಾತಾಡು ಎನ್ನುತ್ತಾರೆ, ಐದು ವಾರದ ಮೌನದಲ್ಲಿ ಸುಮ್ಮನಿರು ಎನ್ನುತ್ತಾರೆ. ಇಪ್ಪತ್ನಾಲ್ಕರ ವಯಸ್ಸಿನವರು ಎರಡನೆಯದನ್ನೇ ಬೇಗ ಕಲಿಯುತ್ತಾರೆ, ಅದಕ್ಕೆ ಕೋಚಿಂಗ್ ಬೇಡ.

ಏಳನೆಯ ವಾರ ಅವನೇ ಬರೆದ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ ಎಂಬ ಮೊದಲ ಸಾಲನ್ನು ನಾನು ತೆಗೆಸಿದೆ; ಅವನು ಮತ್ತೆ ಹಾಕಿದ; ಕೊನೆಗೆ ತಾನೇ ಅಳಿಸಿದ. ಉಳಿದದ್ದು ಎರಡೇ ವಾಕ್ಯ: ಸಂದರ್ಶನ ಇಂಥ ದಿನ ಆಯಿತು, ಫಲಿತಾಂಶ ಯಾವಾಗ ತಿಳಿಯುತ್ತದೆ? ಒತ್ತಿದ ನಿಮಿಷದಲ್ಲೇ ಉತ್ತರ ಬಂತು. ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ ಎಂದಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕಂಪನಿಯ ಆಫೀಸಿನ ಫೋನ್ ನಂಬರ್ ಹುಡುಕತೊಡಗಿದ.