ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಇರಲಾರಳು. ಅನ್ನ ಸೀದರೆ, ರಂಗೋಲಿಯ ಎಳೆ ತಪ್ಪಿದರೆ, ಹೊಲಿಗೆ ಯಂತ್ರದಲ್ಲಿ ದಾರ ತುಂಡಾದರೆ, ನಾವು ಕಾರಣ ಹೇಳಲು ಬಾಯಿ ತೆರೆಯುವ ಮೊದಲೇ ಹಿರಿಯರು ಯಾರಾದರೂ ಈ ಗಾದೆ ಎಸೆದು ಮಾತು ಮುಗಿಸಿಬಿಡುತ್ತಿದ್ದರು. ಗಾದೆ ಪೂರ್ತಿ ಸುಳ್ಳೇನೂ ಅಲ್ಲ. ತನ್ನ ಕೈಲಾಗದ್ದಕ್ಕೆ ನೆಲವನ್ನು ದೂರುವವರು ಇದ್ದೇ ಇದ್ದಾರೆ. ಆದರೂ ನನಗೊಂದು ಸಂಶಯ. ಈ ಗಾದೆ ಕಟ್ಟಿದವರು ತೀರ್ಪು ಕೊಡುವ ಮೊದಲು ಆ ನೆಲದ ಮೇಲೆ ಒಮ್ಮೆ ರಸಮಟ್ಟ ಇಟ್ಟು ನೋಡಿದ್ದರೆ?

ಈ ಸಂಶಯ ಗಟ್ಟಿಯಾದದ್ದು ಒಂದು ಕಾರಿನಿಂದ. ನನ್ನ ಕಿರಿಯ ವಾರಗಿತ್ತಿ ದೊಡ್ಡಬಳ್ಳಾಪುರದಲ್ಲಿದ್ದಳು, ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮೇಡಂ. ಇದು ನಡೆದು ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ಅವರ ಮನೆಯಲ್ಲಿ ಕಾರ್ಬ್ಯುರೇಟರ್ ಇದ್ದ ಹಳೆಯ ಕಾರು. ಹೊಗೆ ಉಗುಳಿ, ಆಯಿಲ್ ಕುಡಿದು, ಏರು ಹತ್ತಲಾರದೆ ಸೋತಾಗ ಮೈದುನ ಇಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದ. ಸಿಲಿಂಡರ್ ಬೋರ್ ಆಯಿತು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು ಬಂದವು. ಖರ್ಚು ಅವರ ಲೆಕ್ಕಕ್ಕೆ ದೊಡ್ಡದೇ ಆಯಿತು.

ಕಾರು ಮನೆಗೆ ಬಂದ ವಾರದಲ್ಲೇ ತೊಂದರೆ ಶುರು. ಬಸ್ ನಿಲ್ದಾಣದ ಹತ್ತಿರ, ಮಾರುಕಟ್ಟೆಯ ತಿರುವಿನಲ್ಲಿ, ಎಲ್ಲೆಲ್ಲಿ ಅವಳು ಬ್ರೇಕ್ ಹಾಕಿ ನಿಲ್ಲಿಸುತ್ತಾಳೋ ಅಲ್ಲೆಲ್ಲ ಇಂಜಿನ್ ಆಫ್. ಹಿಂದಿನಿಂದ ಹಾರನ್. ಪಕ್ಕದ ಆಟೋದವನ ನಗೆ. ಮನೆಯಲ್ಲಿ ಹೇಳಿದರೆ ಉತ್ತರ ಸಿದ್ಧವಾಗಿತ್ತು: ‘ಕ್ಲಚ್ ಸರಿಯಾಗಿ ಒತ್ತು.’ ಇಂಜಿನ್ ಈಗ ತಾನೇ ಹೊಸದಾಗಿದೆ, ಆದ್ದರಿಂದ ದೋಷ ಇಂಜಿನ್ನಿನದಲ್ಲ. ಕಾರಿನಲ್ಲಿ ಉಳಿದದ್ದು ಅವಳೊಬ್ಬಳೇ, ಆದ್ದರಿಂದ ದೋಷ ಅವಳದೇ. ಈ ತರ್ಕವನ್ನು ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಹಣ ಸುರಿದ ವಸ್ತುವಿನ ಮೇಲೆ ಅನುಮಾನ ಪಡಲು ಮನಸ್ಸು ಬಾರದು, ಅಷ್ಟೆ.

ಆ ಉತ್ತರದಲ್ಲಿ ಒಂದು ಸತ್ಯಾಂಶ ಇತ್ತೆಂಬುದನ್ನು ಮರೆಯಬಾರದು. ಗೇರಿನಲ್ಲಿರುವ ಕಾರನ್ನು ಕ್ಲಚ್ ಒತ್ತದೆ ಬ್ರೇಕ್ ಹಾಕಿ ನಿಲ್ಲಿಸಿದರೆ ಇಂಜಿನ್ ನಿಂತೇ ನಿಲ್ಲುತ್ತದೆ. ಅಂದರೆ ಕಣ್ಣಿಗೆ ಕಂಡ ಸಂಗತಿಗೆ ಅವರ ಕಾರಣ ಹೊಂದುತ್ತಿತ್ತು. ಅಪವಾದದ ಅಪಾಯ ಇರುವುದೇ ಇಲ್ಲಿ. ಪೂರ್ತಿ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ. ಸಂಗತಿಗೆ ಹೊಂದುವ ಸುಳ್ಳು ಮಾತ್ರ ವರ್ಷಗಟ್ಟಲೆ ಬದುಕುತ್ತದೆ.

ನಿಂತ ಕಾರಿನ ಇಂಜಿನ್ ಸಣ್ಣಗೆ ಓಡುತ್ತಿರುವುದನ್ನು ಗ್ಯಾರೇಜಿನವರು ಐಡ್ಲಿಂಗ್ ಎನ್ನುತ್ತಾರೆ, ಕೆಲವರು ಸ್ಲೋ ಎನ್ನುತ್ತಾರೆ. ಅಡುಗೆಮನೆಯ ಭಾಷೆಯಲ್ಲಿ ಅದು ಒಲೆಯನ್ನು ಸಿಮ್‌ನಲ್ಲಿಟ್ಟ ಹಾಗೆ. ಉರಿ ಜೋರಿದ್ದಾಗ ಕಿಟಕಿಯ ಗಾಳಿ ಬೀಸಿದರೂ ಒಲೆ ಆರದು. ಸಿಮ್‌ನಲ್ಲಿದ್ದಾಗ ಅದೇ ಗಾಳಿಗೆ ಪುಸಕ್ಕನೆ ಆರಿಹೋಗುತ್ತದೆ. ಕಾರಿನದೂ ಹಾಗೆಯೇ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೆರೆತರೆ ಎರಡೂ ಪೂರ್ತಿ ಉರಿಯುತ್ತವೆ. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗಿನ ಎಳೆತ ಮಾತ್ರ ಜೋರು. ಎಲ್ಲಾದರೂ ಗ್ಯಾಸ್ಕೆಟ್ಟಿನಲ್ಲೋ ಪೈಪಿನಲ್ಲೋ ಕೂದಲೆಳೆಯ ಸಂದು ಇದ್ದರೆ ಕಳ್ಳಗಾಳಿ ನುಗ್ಗಿ ಮಿಶ್ರಣ ಕೆಡುತ್ತದೆ. ಎಕ್ಸಲೇಟರ್ ಒತ್ತಿ ಓಡಿಸುವಾಗ ಅಷ್ಟು ಗಾಳಿ ಲೆಕ್ಕಕ್ಕೇ ಬಾರದು. ದೋಷ ಇದ್ದಲ್ಲೇ ಇದ್ದು ಮರೆಯಾಗುತ್ತದೆ. ಮೈದುನ ಮುಖ್ಯರಸ್ತೆಯಲ್ಲಿ ಓಡಿಸುತ್ತಿದ್ದ. ನಿಲ್ಲಿಸುವಾಗಲೂ ಸ್ವಲ್ಪ ರೇಸ್ ಕೊಟ್ಟುಕೊಂಡೇ ಇರುವುದು ಅವನ ರೂಢಿ. ‘ನನಗೆ ಆಗದೇ ಇರುವುದು ನಿನಗೆ ಮಾತ್ರ ಯಾಕೆ ಆಗುತ್ತದೆ?’ ಎಂದು ಅವನು ಪ್ರಾಮಾಣಿಕವಾಗಿಯೇ ಕೇಳಿದ್ದ.

ಕೆಲಸ ಮಾಡಿದ ಗ್ಯಾರೇಜಿಗೆ ಎರಡು ಸಲ ಹೋಗಿ ಬಂದದ್ದಾಯಿತು. ಕಾರ್ಬ್ಯುರೇಟರಿನಲ್ಲಿ ಒಂದು ಸ್ಕ್ರೂ ಇರುತ್ತದೆ, ತಿರುಗಿಸಿದರೆ ಐಡ್ಲಿಂಗ್ ಏರುತ್ತದೆ. ಅದನ್ನು ಏರಿಸಿ ಕಳಿಸಿದರು. ಕಾರು ನಿಲ್ಲುವುದು ಕಡಿಮೆಯಾಯಿತು. ಬದಲಿಗೆ ಗೇರು ಹಾಕುವಾಗ ಕಿರುಗುಟ್ಟಿತು, ಪೆಟ್ರೋಲ್ ಹೆಚ್ಚು ಕುಡಿಯಿತು, ಕೀಲಿ ತೆಗೆದ ಮೇಲೂ ಇಂಜಿನ್ ಎರಡು ಸಲ ಕೆಮ್ಮಿ ಆಮೇಲೆ ನಿಲ್ಲತೊಡಗಿತು. ಅದಕ್ಕೂ ಅವಳ ಚಾಲನೆಯೇ ಕಾರಣವಾಯಿತು. ಕೊನೆಗೆ ಅವಳು ಕೀಲಿಯನ್ನು ದೇವರ ಮನೆಯ ಗೂಡಿನಲ್ಲಿಟ್ಟು ಬೆಳಗ್ಗೆ ಏಳರ ಬಸ್ಸು ಹಿಡಿಯತೊಡಗಿದಳು. ಹಾಗೆ ಎಂಟು ತಿಂಗಳು ಕಳೆಯಿತು.

ದೋಷ ಸಿಕ್ಕಿದ್ದು ನೆಲಮಂಗಲದ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ಕೈಯಲ್ಲಿ. ಅವರು ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಅವಳನ್ನು ಕೇಳಿದರಂತೆ: ‘ಯಾವಾಗ ಆಫ್ ಆಗುತ್ತದಮ್ಮ?’ ಅಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವಳೆಂದಳು, ‘ಸುಮ್ಮನೆ ನಿಂತಿದ್ದರೆ ಆಗುವುದಿಲ್ಲ. ಬ್ರೇಕ್ ಮೇಲೆ ಕಾಲಿಟ್ಟಾಗ ಆಗುತ್ತದೆ.’

ಮೇಸ್ತ್ರಿ ಮೊದಲು ಕ್ರಮವಾಗಿ ಉಳಿದದ್ದನ್ನೆಲ್ಲ ನೋಡಿದರು. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಕೂತ ಮೇಲೆ ಟ್ಯಾಪೆಟ್ ಸಂದು ಬದಲಾಗಿರಬಹುದು, ಅದನ್ನು ಅಳೆದರು. ಪ್ಲಗ್ಗು, ಪಾಯಿಂಟು, ಟೈಮಿಂಗು ನೋಡಿದರು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ಹಾಕಿದರು. ಯಾವ ಸಿಲಿಂಡರನ್ನು ತೆಗೆದರೆ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದು ದುಡಿಯುತ್ತಿಲ್ಲವೆಂದು ಅರ್ಥ. (ಈ ಪರೀಕ್ಷೆಯನ್ನು ಮನೆಗಳಲ್ಲೂ ಮಾಡಿ ನೋಡಬಹುದು. ಯಾರು ಒಂದು ದಿನ ಇಲ್ಲದಿದ್ದರೆ ಮನೆ ಎಡವುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.) ನಾಲ್ಕೂ ದುಡಿಯುತ್ತಿದ್ದವು. ಏರಿಸಿಟ್ಟಿದ್ದ ಸ್ಕ್ರೂವನ್ನು ಇಳಿಸಿ ಇರಬೇಕಾದಲ್ಲಿಗೆ ತಂದರು. ಆಮೇಲೆ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ‘ಈಗ ಬ್ರೇಕ್ ಒತ್ತಮ್ಮ’ ಎಂದರು. ಒತ್ತಿದಳು. ಇಂಜಿನ್ ತಡವರಿಸಿ ನಿಂತಿತು.

ನ್ಯೂಟ್ರಲ್‌ನಲ್ಲಿದ್ದ ಕಾರು, ಕ್ಲಚ್ಚಿಗೂ ಅದಕ್ಕೂ ಸಂಬಂಧವೇ ಇಲ್ಲ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಬ ಡಬ್ಬಿಗೆ ಇಂಜಿನ್ನಿನ ಎಳೆತವನ್ನು ಒಂದು ಪೈಪಿನಿಂದ ಕೊಟ್ಟಿರುತ್ತಾರೆ. ಅದರೊಳಗಿನ ರಬ್ಬರಿನ ಪರದೆ ಹರಿದಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಅಲ್ಲಿಂದ ಕಳ್ಳಗಾಳಿ ಇಂಜಿನ್ನಿಗೆ ನುಗ್ಗುತ್ತಿತ್ತು. ಹಳೆಯ ಇಂಜಿನ್ ಸವೆದಂತೆಲ್ಲ ಐಡ್ಲಿಂಗ್ ಏರಿಸುತ್ತಾ ಬಂದಿದ್ದರು, ಆ ಏರಿಕೆಯಲ್ಲಿ ಈ ಹರುಕು ಮುಚ್ಚಿಹೋಗಿತ್ತು. ಹೊಸ ಇಂಜಿನ್ ಬಂದು ಐಡ್ಲಿಂಗ್ ಸರಿಯಾದ ಮಟ್ಟಕ್ಕೆ ಇಳಿದಾಗ ಬಯಲಾಯಿತು.

ಆ ಪರೀಕ್ಷೆಗೆ ಒಂದು ನಿಮಿಷವೂ ಬೇಕಾಗಲಿಲ್ಲ, ಒಂದು ಪೈಸೆಯ ಖರ್ಚೂ ಆಗಲಿಲ್ಲ. ಎಂಟು ತಿಂಗಳು ಯಾರೂ ಅದನ್ನು ಮಾಡಲಿಲ್ಲ, ಏಕೆಂದರೆ ಉತ್ತರ ಆಗಲೇ ಸಿಕ್ಕಿತ್ತು. ನ್ಯಾಯವಾದ ಪರೀಕ್ಷೆ ಎಂದರೆ ಯಾವ ಕಡೆಗಾದರೂ ತಿರುಗಬಲ್ಲ ಪರೀಕ್ಷೆ. ಬ್ರೇಕ್ ಒತ್ತಿದಾಗ ಇಂಜಿನ್ ಏನೂ ಆಗದೆ ಓಡಿದ್ದರೆ, ಕ್ಲಚ್ಚಿನ ಮಾತೇ ನಿಜವಿರಬಹುದೆಂದು ಅವಳೂ ಒಪ್ಪಬೇಕಾಗುತ್ತಿತ್ತು. ಒಪ್ಪುವುದಕ್ಕೆ ಅವಳು ಸಿದ್ಧಳಿದ್ದಳು. ನಮ್ಮ ಮನೆಗಳಲ್ಲಿ ನಡೆಯುವ ವಿಚಾರಣೆಗಳು ಹಾಗಿರುವುದಿಲ್ಲ. ಮಗು ಅತ್ತರೆ ತಾಯಿಯ ಊಟದಲ್ಲಿ ಪಥ್ಯ ತಪ್ಪಿತೆಂದೂ, ಮಕ್ಕಳಾಗದಿದ್ದರೆ ಸೊಸೆಯಲ್ಲಿ ದೋಷವೆಂದೂ ಮೊದಲೇ ಬರೆದಿಟ್ಟ ತೀರ್ಪಿಗೆ ಆಮೇಲೆ ಸಾಕ್ಷಿ ಹುಡುಕುತ್ತೇವೆ. ಗಂಡನನ್ನು ಒಂದು ಸಾಮಾನ್ಯ ಪರೀಕ್ಷೆಗೆ ಕರೆದೊಯ್ಯದೆ ಹೆಂಡತಿಗೆ ವರ್ಷಗಟ್ಟಲೆ ಔಷಧ ನುಂಗಿಸಿದ ಮನೆಗಳು ನಿಮಗೂ ಗೊತ್ತಿರಬೇಕು.

ಅಪವಾದ ಹೊತ್ತವಳಿಗೆ ಮಾತ್ರ ಅದರಿಂದ ನಷ್ಟ ಎಂದುಕೊಂಡರೆ ಅದೂ ತಪ್ಪು. ಆ ಎಂಟು ತಿಂಗಳು ಅದೇ ಕಾರಿನಲ್ಲಿ ಮೈದುನ ಮಕ್ಕಳನ್ನು ಕೂರಿಸಿಕೊಂಡು ಮುಖ್ಯರಸ್ತೆಯಲ್ಲಿ ಓಡಾಡಿದ. ಹರಿದದ್ದು ಬ್ರೇಕಿಗೆ ಬಲ ಕೊಡುವ ಪರದೆ. ಹರುಕು ಬೆಳೆದಿದ್ದರೆ ಒಂದು ದಿನ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಇದ್ದ ಶಕ್ತಿಯನ್ನೆಲ್ಲ ಹಾಕಿದರೂ ಕಾರು ಬೇಗ ನಿಲ್ಲುತ್ತಿರಲಿಲ್ಲ. ಅವಳ ದೂರು ನಿಜವಾಗಿ ಎಚ್ಚರಿಕೆಯ ಗಂಟೆಯಾಗಿತ್ತು. ಗಂಟೆ ಬಾರಿಸಿದವಳನ್ನು ಬೈದು ಸುಮ್ಮನಾಗಿಸಿದರು.

ಸಾಕ್ಷಿಯ ಮಾತಿಗೆ ಬೆಲೆ ಬರುವುದು ಅವರು ಎಷ್ಟು ಓದಿದ್ದಾರೆ ಎಂಬುದರಿಂದಲ್ಲ, ಎಷ್ಟು ಹತ್ತಿರ ಕೂತಿದ್ದಾರೆ ಎಂಬುದರಿಂದ. ದೊಡ್ಡಬಳ್ಳಾಪುರದವರಿಗೆ ಇದನ್ನು ವಿವರಿಸುವುದೇ ಬೇಡ. ಅಲ್ಲಿ ಬೀದಿಬೀದಿಯಲ್ಲಿ ಮಗ್ಗಗಳು. ಕಂಡಿಕೆ ಸುತ್ತುತ್ತಾ ಕೂತ ಹೆಂಗಸು ತಲೆ ಎತ್ತದೆ, ಸದ್ದು ಕೇಳಿಯೇ, ಯಾವ ಮಗ್ಗದಲ್ಲಿ ಎಳೆ ಹರಿಯಿತೆಂದು ಹೇಳುತ್ತಾಳೆ. ಅವಳಿಗೆ ಯಂತ್ರಶಾಸ್ತ್ರ ತಿಳಿಯದಿರಬಹುದು, ಆ ಮಗ್ಗ ತಿಳಿದಿದೆ.

ಇತಿಹಾಸದಲ್ಲೂ ಇಂಥ ಒಬ್ಬಳಿದ್ದಾಳೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಕಾರನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳ ಜೊತೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತನ್ನ ತವರಿಗೆ ಸುಮಾರು ನೂರು ಕಿಲೋಮೀಟರ್ ಹೋದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳೆಂದೂ, ಬ್ರೇಕ್ ಸವೆದಾಗ ಚಮ್ಮಾರನಿಂದ ಚರ್ಮ ಹೊದಿಸಿಕೊಂಡಳೆಂದೂ ಹೇಳುತ್ತಾರೆ. ಕಾರಿನ ಮೊದಲ ದೂರಪ್ರಯಾಣ ತವರಿಗೆ ಹೊರಟ ಒಬ್ಬ ತಾಯಿಯದು ಎಂದು ನೆನೆದರೆ, ‘ಹೆಂಗಸರ ಡ್ರೈವಿಂಗ್’ ಎಂಬ ನಗೆಮಾತಿಗೆ ನಗು ಬರುವುದಿಲ್ಲ.

ಇನ್ನು ಆ ಸ್ಕ್ರೂವಿನ ವಿಚಾರ. ಅದನ್ನು ಏರಿಸುವುದು ಯಾವಾಗಲೂ ತಪ್ಪೇ? ಅಲ್ಲ. ಹೊಸ ರಿಂಗುಗಳು ಬಿಗಿಯಾಗಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಐಡ್ಲಿಂಗನ್ನು ತುಸು ಏರಿಸಿಡುವುದುಂಟು. ಆದರೆ ಹಾಗೆ ಮಾಡುವವನು ‘ಇದು ಸದ್ಯಕ್ಕೆ, ಆಮೇಲೆ ಇಳಿಸಬೇಕು, ತನ್ನಿ’ ಎಂದು ಹೇಳಿ ಕಳಿಸುತ್ತಾನೆ. ಕಾರಣ ತಿಳಿದು, ಅವಧಿ ಹಾಕಿ, ಸಂಬಂಧಪಟ್ಟವರಿಗೆ ಹೇಳಿ ಮಾಡಿದರೆ ಅದು ತಾಳ್ಮೆ. ಕಾರಣ ಹುಡುಕದೆ ಸದ್ದಡಗಿಸಲು ಮಾಡಿದರೆ ಅದು ಮುಚ್ಚಿಡುವುದು. ಸ್ಕ್ರೂ ಅದೇ, ತಿರುಗಿಸುವ ಕೈಯೂ ಅದೇ. ಸಂಸಾರದಲ್ಲಿ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎನ್ನುವಾಗಲೂ ಇದನ್ನೇ ಕೇಳಬೇಕೆಂದು ನನಗೆ ತೋರುತ್ತದೆ: ಯಾವ ಕಾರಣಕ್ಕೆ? ಎಷ್ಟು ದಿನ?

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಆ ಸ್ಕ್ರೂವೂ ಇಲ್ಲ. ಒಳಗೆ ಕೂತ ಪುಟ್ಟ ಕಂಪ್ಯೂಟರ್ ಕಳ್ಳಗಾಳಿ ನುಗ್ಗಿದರೆ ತಾನೇ ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತದೆ. ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹೊಂದಿಕೊಳ್ಳುವುದರಲ್ಲಿ ಅದು ನಮ್ಮನ್ನೂ ಮೀರಿಸಿತು ಎನ್ನಬೇಕು. ಆದರೆ ಅದಕ್ಕೆ ಎರಡು ಒಳ್ಳೆಯ ಗುಣಗಳಿವೆ. ಎಷ್ಟು ಸರಿದೂಗಿಸುತ್ತಿದ್ದೇನೆ ಎಂದು ಅದು ಲೆಕ್ಕ ಬರೆದಿಡುತ್ತದೆ. ಉಪಕರಣ ಜೋಡಿಸಿದರೆ ಮೆಕ್ಯಾನಿಕ್ ಅದನ್ನು ಓದಬಲ್ಲ. ಮಿತಿ ಮೀರಿದಾಗ ಎದುರಿಗೆ ಒಂದು ಹಳದಿ ದೀಪ ಹಚ್ಚುತ್ತದೆ. ಆ ದೀಪ ಕಂಡರೆ ಯಾರೂ ಕಾರಿಗೆ ಬುದ್ಧಿ ಹೇಳುವುದಿಲ್ಲ, ಗ್ಯಾರೇಜಿಗೆ ಒಯ್ಯುತ್ತಾರೆ.

ಮನುಷ್ಯರು ಹಚ್ಚುವ ದೀಪ ಮಾತಿನ ರೂಪದಲ್ಲಿರುತ್ತದೆ. ‘ಏನೋ ಸರಿಯಿಲ್ಲ, ನೋಡಿ’ ಎಂದು ಒಬ್ಬಳು ಹೇಳಿದಾಗ ಅವಳ ಮಾತು ಕೊನೆಗೆ ತಪ್ಪೆಂದೇ ತಿಳಿದುಬರಬಹುದು. ಆದರೆ ಅದು ತಿಳಿಯಬೇಕಾದದ್ದು ನೋಡಿದ ಮೇಲೆ.