ಇನ್ನೊಬ್ಬರ ‘ನಾಳೆ’

ಇಂಗ್ಲಿಷ್ ವ್ಯಾಕರಣದಲ್ಲಿ ನಮ್ಮನ್ನು ಬಹಳ ಕಾಡಿದ ಪಾಠಗಳಲ್ಲಿ ರಿಪೋರ್ಟೆಡ್ ಸ್ಪೀಚ್ ಒಂದು. ಉದ್ಧರಣ ಚಿಹ್ನೆ ತೆಗೆ, ‘ಐ’ ಇದ್ದಲ್ಲಿ ‘ಹಿ’ ಹಾಕು, ‘ಆ್ಯಮ್’ ಹೋಗಿ ‘ವಾಸ್’ ಬರಲಿ, ‘ಹಿಯರ್’ ‘ದೇರ್’ ಆಗಲಿ, ‘ಟುಮಾರೊ’ ‘ದ ನೆಕ್ಸ್ಟ್ ಡೇ’ ಆಗಲಿ. ಮಗ್ಗಿಯಂತೆ ಉರು ಹೊಡೆದೆವು, ಅಂಕ ಪಡೆದೆವು, ಮರೆತೆವು. ಒಬ್ಬರ ಮಾತನ್ನು ಇನ್ನೊಬ್ಬರು ಹೊತ್ತು ತರುವಾಗ ಇಷ್ಟೆಲ್ಲ ಏಕೆ ಬದಲಾಗಬೇಕು ಎಂದು ಆಗ ಯಾರು ಕೇಳಿದರು?

ಕನ್ನಡಕ್ಕೆ ಈ ಪಾಡಿಲ್ಲ. ‘ನನಗೆ ಹುಷಾರಿಲ್ಲ ಅಂತ ಹೇಳಿದ’ ಎಂದರೆ ಮುಗಿಯಿತು. ಮಾತು ಆಡಿದವನ ಬಾಯಿಂದ ಬಂದ ಹಾಗೆಯೇ ಇದೆ. ‘ಅಂತ’ ಎಂಬುದೊಂದೇ ಅದಕ್ಕೆ ಬೇಲಿ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ಹಿ ಸೆಡ್ ದಟ್ ಹಿ ವಾಸ್ ಇಲ್’ ಎನ್ನುವವನು ತಾನು ನಿಂತ ಜಾಗದಿಂದ, ತನ್ನ ಗಡಿಯಾರ ನೋಡಿಕೊಂಡು ಎಲ್ಲವನ್ನೂ ಮತ್ತೆ ಅಳೆಯಬೇಕು. ಇದು ವ್ಯಾಕರಣದ ಹಟವೋ, ಪ್ರಾಮಾಣಿಕತೆಯೋ? ಎರಡನೆಯದೇ ಎಂದು ನನಗನ್ನಿಸುತ್ತದೆ. ನಾವು ಕೇಳಿಸಿಕೊಂಡದ್ದು ಆ ಹೊತ್ತಿನ ಸ್ಥಿತಿ. ಅವನು ಈಗ ಹೇಗಿದ್ದಾನೆಂದು ಯಾವ ಧೈರ್ಯದ ಮೇಲೆ ಹೇಳೋಣ?

ನಿಯಮಕ್ಕೊಂದು ಹಿತ್ತಿಲ ಬಾಗಿಲೂ ಇದೆ. ಸಾರ್ವಕಾಲಿಕ ಸತ್ಯವಾದರೆ ಕಾಲ ಬದಲಿಸಬೇಕಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಮೇಷ್ಟ್ರು ಹೇಳಿದರೆ ‘ಗೋಸ್’ ಅಲ್ಲಾಡದೆ ನಿಲ್ಲುತ್ತದೆ. ಆದರೆ ಯಾವುದು ಸಾರ್ವಕಾಲಿಕ ಎಂದು ತೀರ್ಮಾನಿಸುವವರು ಯಾರು? ಆಡಿದವನಲ್ಲ, ವರದಿ ಒಪ್ಪಿಸುವವನು. 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಗೆಲಿಲಿಯೋನಿಂದ ಇದೇ ಮಾತನ್ನು ಹಿಂತೆಗೆಸಿತು. ಅಲ್ಲಿನ ಕರಣಿಕ ಇಂಗ್ಲಿಷಿನಲ್ಲಿ ಬರೆದಿದ್ದರೆ ‘ವೆಂಟ್’ ಎಂದೇ ಬರೆಯುತ್ತಿದ್ದನೇನೋ! ನಮ್ಮ ನಂಬಿಕೆ, ಅಪನಂಬಿಕೆಗಳು ಒಂದು ಕ್ರಿಯಾಪದದ ಮಗ್ಗುಲಲ್ಲಿ ಸದ್ದಿಲ್ಲದೆ ಕೂತಿರುತ್ತವೆ. ‘ಸೆಡ್’ ಬದಲು ‘ಕ್ಲೇಮ್ಡ್’ ಎಂದರಂತೂ ಮಾತಾಡಿದವನನ್ನು ಕಟಕಟೆಗೇ ಹತ್ತಿಸಿದಂತೆ. ನಮ್ಮಲ್ಲಿ ‘ಅಂತೆ’ ಇದೆ. ‘ಅವನಿಗೆ ಹುಷಾರಿಲ್ಲವಂತೆ’ ಎಂದು ಹೊಣೆಯನ್ನು ಗಾಳಿಗೆ ಬಿಟ್ಟು ಕೈತೊಳೆದುಕೊಳ್ಳಬಹುದು. ಅಂತೆಕಂತೆಗಳ ಸಂತೆ ನೆರೆಯುವುದು ಇಂಥ ಜಾಣತನದಿಂದಲೇ ಅಲ್ಲವೇ?

ಸಾಗಣೆಯಲ್ಲಿ ಸೋರಿಹೋಗುವುದೂ ಕಡಿಮೆಯಲ್ಲ. ಸಂಕಟದ ಒಂದು ಉದ್ಗಾರ ಪರೀಕ್ಷೆಯ ಹಾಳೆಯಲ್ಲಿ ‘ಎಕ್ಸ್‌ಕ್ಲೇಮ್ಡ್ ವಿತ್ ಸಾರೋ’ ಆಗುತ್ತದೆ. ‘ಸರ್’ ಎಂಬ ಕರೆ ‘ರೆಸ್ಪೆಕ್ಟ್‌ಫುಲಿ’ ಆಗುತ್ತದೆ. ದುಃಖವಿತ್ತು, ಗೌರವವಿತ್ತು ಎಂಬ ರಸೀದಿ ಸಿಕ್ಕಿತು, ಸರಿ. ಆ ದನಿ ಎಲ್ಲಿ? ಗಂಟಲು ಕಟ್ಟಿದ್ದನ್ನು ಯಾವ ‘ದಟ್’ ಹಿಡಿದೀತು?

ಹಿಂದೆ ನಮ್ಮೂರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನೋದಿ ಹಿಂದಿರುಗಬೇಕು. ಮರುರಾತ್ರಿ ಬಂದರೂ ಮತ್ತದೇ ನಾಳೆ. ಪಾಪ, ಅದಕ್ಕೆ ರಿಪೋರ್ಟೆಡ್ ಸ್ಪೀಚ್ ಬರುತ್ತಿರಲಿಲ್ಲ! ‘ಮರುದಿನ ಬರಲು ಹೇಳಿದ್ದರು’ ಎಂದು ಮನಸ್ಸಿನಲ್ಲೇ ಬದಲಿಸಿಕೊಂಡಿದ್ದರೆ ಎರಡನೆಯ ರಾತ್ರಿಯೇ ಹಕ್ಕಿನಿಂದ ಒಳಗೆ ಬಂದು ಕೂರುತ್ತಿತ್ತು.

ಆ ಬದಲಾವಣೆಯನ್ನು ನಾವೂ ಮಾಡಲೊಲ್ಲದ ಗಳಿಗೆಗಳಿವೆ. ಹೊಸ್ತಿಲು ದಾಟಿ ಹೋಗಿ ಮತ್ತೆ ಬಾರದವಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಶಿ ಸೆಡ್ ಶಿ ವುಡ್ ಕಮ್ ದ ನೆಕ್ಸ್ಟ್ ಡೇ’ ಎನ್ನುತ್ತೇವೆ. ತಪ್ಪೇನಿಲ್ಲ. ಆ ಮರುದಿನ ಬಂತು, ಕಳೆಯಿತು. ಕ್ಯಾಲೆಂಡರಿನಲ್ಲಿ ಅದಕ್ಕೊಂದು ತಾರೀಕೂ ಇದೆ. ಮನೆಯೊಳಗೆ ನೆನೆಯುವಾಗ ಮಾತ್ರ ‘ನಾಳೆ ಬರ್ತೀನಿ ಅಂತ ಹೇಳಿ ಹೋದಳು’ ಎಂದೇ ಬಾಯಿಗೆ ಬರುತ್ತದೆ. ಎಷ್ಟು ವರ್ಷ ಕಳೆದರೂ ಆ ‘ನಾಳೆ’ಯನ್ನು ‘ಮರುದಿನ’ ಮಾಡಲು ನಾಲಿಗೆ ಏಳುವುದಿಲ್ಲ.