ಔತಣಕ್ಕೆ ಒಯ್ಯುವ ದ್ರಾಕ್ಷಾರಸ

ಊಟಕ್ಕೆ ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬುದು ಹಿರಿಯರು ನಮಗೆ ಕಲಿಸಿದ ಪಾಠ. ಹಣ್ಣು, ಹೂವು ಅಥವಾ ಮನೆಯಲ್ಲಿ ಮಾಡಿದ ತಿಂಡಿಯ ಡಬ್ಬಿ ಇದ್ದರೆ ಸಾಕಿತ್ತು. ಮಹದೇವಪುರದ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಯುವ ಕುಟುಂಬಗಳಿಗೆ ಈಗ ಸಹೋದ್ಯೋಗಿಗಳ ಮನೆಯಿಂದ ಔತಣದ ಕರೆ ಬರುತ್ತದೆ. ಅಂಥಲ್ಲಿಗೆ ಒಂದು ಬಾಟಲಿ ವೈನ್ ಒಯ್ಯುವುದು ಮರ್ಯಾದೆಯೆನಿಸಿದೆ. ಕ್ರಿಸ್ಮಸ್ಸಿಗೆಂದು ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ ಬೆರೆಸಿ ವಾರಗಟ್ಟಲೆ ಕಾಯುತ್ತಿದ್ದ ಅಜ್ಜಿಯರ ಮೊಮ್ಮಕ್ಕಳೂ ಅಂಗಡಿಯ ಕಪಾಟಿನ ಮುಂದೆ ತಬ್ಬಿಬ್ಬಾಗುತ್ತಾರೆ. ಯಾವುದನ್ನು ಆರಿಸುವುದು? ಎಷ್ಟು ಬೆಲೆಯದು? ನಮಗೇನೂ ತಿಳಿಯದೆಂದು ಅವರು ನಕ್ಕರೆ? ಮೇಲ್ನೋಟಕ್ಕೆ ಇದು ಸಣ್ಣ ಚಿಂತೆ. ಆದರೆ ಕಾಣಿಕೆಯನ್ನು ನಾವು ಯಾರಿಗಾಗಿ ಕೊಡುತ್ತೇವೆ ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ತಿಳಿಯದಿರುವುದು ನಾಚಿಕೆಯ ಸಂಗತಿಯಲ್ಲ, ಕೇಳಿದರಾಯಿತು. ಅಂದಿನ ಅಡುಗೆ ಏನೆಂದು ಮೊದಲು ವಿಚಾರಿಸಿರಿ. ಒಗರು ಹೆಚ್ಚಿರುವ ಕೆಂಪು ವೈನ್ ನಮ್ಮ ಖಾರದ ಸಾರಿನ ಉರಿಯನ್ನು ಹೆಚ್ಚಿಸುತ್ತದೆ. ತುಸು ಸಿಹಿಯಾದ ಬಿಳಿಯ ವೈನ್ ಅದನ್ನು ತಣಿಸುತ್ತದೆ. ದೂರದೇಶದ ಹೆಸರೇ ಬೇಕೆಂದೂ ಇಲ್ಲ. ನಂದಿ ಬೆಟ್ಟದ ತಪ್ಪಲಿನಲ್ಲಿಯೇ ವೈನ್ ದ್ರಾಕ್ಷಿಯ ತೋಟಗಳಿವೆ. ನಮ್ಮ ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿ ಇಂಥ ರೈತರಿಗೆ ಉತ್ತೇಜನ ನೀಡಿತು.

ಬಲಿಪೂಜೆಯ ದ್ರಾಕ್ಷಾರಸದ ಬಗ್ಗೆ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ ಏನನ್ನು ಕೇಳುತ್ತದೆ ನೋಡಿ. ಅದು ದ್ರಾಕ್ಷಿಯ ಹಣ್ಣಿನಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು, ಅಷ್ಟೆ. ಬೆಲೆಯ ಮಾತು ಅಲ್ಲಿಲ್ಲ. ದೇವರ ಪೀಠಕ್ಕೆ ಸಾಕಾಗುವ ಅಳತೆ ನೆರೆಯವರ ಮೇಜಿಗೆ ಸಾಲದೇ? ಸಾಲವೆತ್ತಿ ತಂದ ದುಬಾರಿ ಬಾಟಲಿ ಹಲವೊಮ್ಮೆ ಆತಿಥೇಯರಿಗೆ ಸಲ್ಲುವ ಗೌರವವಲ್ಲ, ನಮಗೆ ನಾವೇ ಕೊಟ್ಟುಕೊಳ್ಳುವ ಬಿರುದು.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದುದು. ಆ ಮನೆಯಲ್ಲಿ ಕುಡಿತದಿಂದ ನೊಂದವರು ಇರಬಹುದು. ಬಹು ಕಷ್ಟದಿಂದ ಚಟವನ್ನು ಬಿಟ್ಟು, ಒಂದೊಂದು ದಿನವನ್ನೂ ಗೆದ್ದು ಬಾಳುತ್ತಿರುವ ಸಹೋದರ ಇರಬಹುದು. ನಮಗೆ ಸೌಜನ್ಯವಾಗಿ ಕಾಣುವ ಬಾಟಲಿ ಅವನಿಗೆ ಶೋಧನೆ. ವೈನನ್ನು ಪವಿತ್ರ ಗ್ರಂಥ ಹಳಿಯುವುದಿಲ್ಲ. ಆದರೆ ಸಹೋದರನು ಎಡವಲು ಕಾರಣವಾಗುವುದಾದರೆ ಅದನ್ನು ಮುಟ್ಟದಿರುವುದೇ ಒಳಿತೆಂದು ಸಂತ ಪೌಲರು ರೋಮಿನ ಕ್ರೈಸ್ತರಿಗೆ ತಿಳಿಸುತ್ತಾರೆ. ಅಂಥ ಮನೆಗೆ ಬೆಂಗಳೂರು ನೀಲಿ ದ್ರಾಕ್ಷಿಯ ಒಂದು ಬುಟ್ಟಿಯೇ ಶ್ರೇಷ್ಠ ಕಾಣಿಕೆ. ಔತಣ ಮುಗಿಸಿ ರಾತ್ರಿ ವಾಹನ ನಡೆಸಿಕೊಂಡು ಮರಳುವವರ ಬಗ್ಗೆಯೂ ಇದೇ ಕಾಳಜಿ ಇರಲಿ. ಬೇಡವೆಂದವರನ್ನು ಒತ್ತಾಯಿಸುವುದು ಆತಿಥ್ಯವಲ್ಲ.

ಕಾನಾ ಊರಿನ ಮದುವೆಯನ್ನು ನೆನೆಯಿರಿ. ರಸ ಮುಗಿದುದನ್ನು ಮೊದಲು ಗಮನಿಸಿದವರು ಮಾತೆ ಮರಿಯಮ್ಮನವರು. ಸಂತ ಯೊವಾನ್ನರ ಶುಭಸಂದೇಶ ಹೇಳುವ ಅಳತೆಯ ಪ್ರಕಾರ ಅಲ್ಲಿದ್ದ ಆರು ಕಲ್ಲಿನ ಬಾನೆಗಳಲ್ಲಿ ಒಂದೊಂದೂ ಸುಮಾರು 80ರಿಂದ 120 ಲೀಟರು ಹಿಡಿಯುವಂಥದು. ಅಷ್ಟು ಉದಾರವಾದ, ಅಷ್ಟು ರುಚಿಯಾದ ಆ ಕಾಣಿಕೆ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿಯಲೇ ಇಲ್ಲ. ಅವನು ಹೊಗಳಿದ್ದು ಮದುಮಗನನ್ನು. ನೀರು ತುಂಬಿದ ಸೇವಕರಿಗೆ ಮಾತ್ರ ನಿಜ ಗೊತ್ತಿತ್ತು. ಯೇಸುಸ್ವಾಮಿ ತಮ್ಮ ಹೆಸರನ್ನು ಅಲ್ಲಿ ಸಾರಲಿಲ್ಲ. ಮನೆಯೊಂದರ ಮಾನವನ್ನು ಉಳಿಸಿದರು.

ಆದ್ದರಿಂದ, ಪ್ರಿಯರೇ, ಮುಂದಿನ ಬಾರಿ ಅಂಗಡಿಗೆ ಹೋಗುವಾಗ ಬೆಲೆಯ ಚೀಟಿ ನೋಡುವ ಮೊದಲು ಕರೆದವರ ಮನೆಯನ್ನು ಮನಸ್ಸಿನಲ್ಲಿ ನೋಡಿರಿ. ಅಲ್ಲಿ ಯಾರಿದ್ದಾರೆ, ಏನು ಕೊರತೆಯಿದೆ, ಯಾವುದು ಅವರಿಗೆ ಹಿತ? ತಂದದ್ದನ್ನು ಅವರ ಕೈಗೆ ಕೊಟ್ಟ ಮೇಲೆ ಅದು ಅವರದು. ಅಂದೇ ತೆರೆಯಲಿ, ಎತ್ತಿಡಲಿ, ನೀವು ಅದರ ಹೆಸರೆತ್ತಬೇಡಿ. ಕೊಟ್ಟವರು ಯಾರೆಂಬುದು ಮರೆತುಹೋಗಿ ಮನೆಯವರ ಸಂತೋಷ ಮಾತ್ರ ಉಳಿದರೆ, ನಿಮ್ಮ ಆಯ್ಕೆ ಸರಿಯಾಗಿತ್ತು.